ಯಾರೂ ಸಾಯದ್ದು

ದುರ್ಗಿಗುಡಿ ಅಡ್ಡರಸ್ತೆಯ ನನ್ನ ಅಂಗಡಿಯಲ್ಲಿ
ಅಳತೆ ಪುಸ್ತಕಕ್ಕೆ ಎರಡು ಕೆಲಸ.
ಎಡಕ್ಕೆ ಎದೆ, ಸೊಂಟ, ತೋಳು, ಕುತ್ತಿಗೆಯ ಆಳ;
ಬಲಕ್ಕೆ, ಬ್ಲೌಸು ಕೊಡಲು ಬಂದವರು
ನಿಂತ ನಿಲುವಲ್ಲೇ ಹೇಳಿಹೋದ ಸಿನಿಮಾ.

ಶುರುವಾದದ್ದು ಹೇಗೋ ಮರೆತಿದೆ.
ಫಿಲೋಮಿನಾ ಟೀಚರ್ ಇರಬೇಕು:
"ಮೊದಲ ಅರ್ಧ ಗಂಟೆ ತಡ್ಕೊಳ್ಳಿ, ಆಮೇಲೆ ನೋಡಿ"
ಅಂತ ಸೀಮೆಸುಣ್ಣದ ಕೈಯಲ್ಲೇ ಬರೆದರು.
ಅದರ ಕೆಳಗೆ ನಾಜನೀನ್: "ಅತ್ತೆ ಮಲಗಿದ ಮೇಲೆ."
ಅದರ ಕೆಳಗೆ ಮತ್ಯಾರೋ: "ಈರುಳ್ಳಿ ಹೆಚ್ಚುತ್ತಾ ನೋಡುವಂಥದ್ದು,
ಅತ್ತರೂ ಯಾರೂ ಕೇಳಲ್ಲ."

ಹೆಸರು ಮರೆತು ಗುರುತು ಬರೆಯುವವರೂ ಇದ್ದಾರೆ:
"ಕೆಂಪು ಬಸ್ಸು ಬರುತ್ತಲ್ಲ, ಅದು."
ಹುಡುಕಿದ್ದೇನೆ.
ಕೆಂಪು ಬಸ್ಸು ಬರುವವು ಹದಿನಾಲ್ಕು.

ದಾಕ್ಷಾಯಿಣಿ, ಅಂಚೆ ಕಚೇರಿ ಕೌಂಟರಿನವರು.
ಹಳೆಯ ಅಳತೆ ಮೂವತ್ತೆಂಟು.
ಏಪ್ರಿಲ್ಲಿನ ಉರಿಯಲ್ಲಿ ಬಂದರು, ಟೇಪು ಸುತ್ತಿದೆ,
ಮೂವತ್ತಮೂರು.
ಟೇಪೇ ಸರಿಯಿಲ್ಲವೇನೋ ಎಂದು ಇನ್ನೊಂದು ತೆಗೆದೆ.
ಅದೂ ಅದನ್ನೇ ಹೇಳಿತು.
ನಾನು ಕೇಳಲಿಲ್ಲ. ಅಪ್ಪ ಕಲಿಸಿದ್ದು:
ಸಂಖ್ಯೆ ಬರಿ, ಮುಖ ನೋಡಬೇಡ.
ಅವರೇ ಕೇಳಿದರು, ಪುಟದ ಬಲಗಡೆ ಬೆರಳಿಟ್ಟು,
"ಇದರಲ್ಲಿ ಯಾರೂ ಸಾಯದ್ದು ಯಾವುದು?"

ವಾರವಿಡೀ ಬಂದವರನ್ನೆಲ್ಲ ವಿಚಾರಿಸಿದೆ.
"ಅಯ್ಯೋ, ಬೇಕಾದಷ್ಟು!" ಅಂದವರೇ
ತೀರ್ಥಹಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು
ತಿರುಗಿ ಬಂದರು:
"ತಡೀರಿ, ಅದರಲ್ಲಿ ಅಜ್ಜಿ ಒಬ್ಬಳು ಹೋಗ್ತಾಳೆ, ಆದ್ರೆ ಮೊದಲೇ."
"ಪೂರಾ ನಗೋದೇ. ನಾಯಿ ಮಾತ್ರ."
"ಫೋಟೊಗೆ ಹಾರ ಹಾಕಿರ್ತಾರೆ, ಅದು ಲೆಕ್ಕಕ್ಕೆ ಬರುತ್ತಾ?"
ಬರುತ್ತೆ, ಅಂದೆ. ಹಾರವೂ ಬರುತ್ತೆ.
ನಾಜನೀನ್ ಬೆರಳು ಮಡಿಚಿ ಎಣಿಸುತ್ತಾ ಹೋಗಿ ಸುಮ್ಮನಾದಳು.
"ಇಷ್ಟು ಜನ ಸಾಯೋದು ನೋಡ್ಕೊಂಡೇ ಊಟ ಮಾಡಿದೀನಾ ನಾನು?"

ಆಮೇಲೆ ರಾತ್ರಿಗಳಲ್ಲಿ ನಾನೇ ಕೂತೆ.
ನೂಲಿನ ಡಬ್ಬಿಗೆ ಮೊಬೈಲು ಒರಗಿಸಿ,
ಹುಕ್ಕು ಹಾಕುತ್ತಾ, ಅಂಚು ಮಡಿಚುತ್ತಾ,
ಆಶಾ ಕಾರ್ಯಕರ್ತೆಯ ಹಾಗೆ ಒಬ್ಬೊಬ್ಬರನ್ನೂ ಕಾದೆ.
ಯಾರಾದರೂ ಕೆಮ್ಮಿದರೆ ಸಾಕು, ನಿಲ್ಲಿಸಿ ಬೇರೆ ಹಾಕಿದೆ.
ರಸ್ತೆ ದಾಟುವ ಮುಂಚೆ ಅತಿಯಾಗಿ ನಕ್ಕರೂ ನಿಲ್ಲಿಸಿದೆ.

ಎಂಟನೆಯ ರಾತ್ರಿ ಒಂದು ಸಿಕ್ಕಿತು.
ಗಡಿಯಾರ ರಿಪೇರಿಯ ಮುದುಕ,
ಉರುಳಿಹೋದ ಒಂದು ಸ್ಪ್ರಿಂಗು,
ಅದನ್ನು ಹುಡುಕಿಕೊಡುವ ಪಕ್ಕದ ಮನೆ ಹುಡುಗಿ.
ಎರಡು ಗಂಟೆ ಯಾರಿಗೂ ಏನೂ ಆಗುವುದಿಲ್ಲ.
ಕೊನೆಗೆ ಮಾತ್ರ, ದರಿದ್ರದ್ದು,
ಮುದುಕ ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಾನೆ.
ಸಿನಿಮಾ ಮುಗಿಯುತ್ತದೆ.

ನಿದ್ದೆಯೋ?
ಹಿಂದಕ್ಕೆಳೆದು ನೋಡಿದೆ. ಮತ್ತೆ, ಬೆಳಕು ಜಾಸ್ತಿ ಮಾಡಿ.
ಹೊದ್ದ ಶಾಲಿನ ಅಂಚು ಎದೆಯ ಹತ್ತಿರ
ಒಂದು ನೂಲಿನಷ್ಟು ಎದ್ದ ಹಾಗಾಯಿತು.
ಬಟ್ಟೆ ನನಗೆ ಗೊತ್ತು, ಸುಮ್ಮನೆ ಏಳುವುದಿಲ್ಲ.
ಗಾಳಿಗೂ ಎದ್ದೀತು, ಅದೂ ಗೊತ್ತು.

ಚೀಟಿಯಲ್ಲಿ ಹೆಸರು ಬರೆದು, ಕೆಳಗೆ
"ಕೊನೇಲಿ ನಿದ್ದೆ ಮಾಡ್ತಾನೆ" ಅಂತ ಸೇರಿಸಿ
ಬ್ಲೌಸಿನ ಮಡಿಕೆಯಲ್ಲಿಟ್ಟೆ.

ಮತ್ತೆ ಬಂದಾಗ ಮೂವತ್ತೆರಡೂವರೆ.
ತೋಳೆತ್ತಿ, ಗೋಡೆ ನೋಡುತ್ತಾ ಅಂದರು,
"ನಮ್ಮನೇಲಿ ಅವರು, ಹೋಗೇಬಿಟ್ಟ ಮುದುಕ, ಅಂತಾರೆ.
ನಾನು ಐದು ಸಲ ಹಿಂದೆ ಹಾಕಿ ತೋರಿಸಿದೆ.
ಶಾಲು ಅಲುಗುತ್ತೆ."
"ಅಲುಗುತ್ತೆ," ಅಂದೆ,
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಹೊಲಿಯುವಾಗ ಎರಡೂ ಬದಿ, ಒಳಗೆ,
ಬಿಡಬೇಕಾದ್ದಕ್ಕಿಂತ ಹೆಚ್ಚೇ ಬಟ್ಟೆ ಬಿಟ್ಟೆ.

ಅವರು ಹೋದ ಮೇಲೆ ನೋಡುತ್ತೇನೆ,
ಪುಟದ ಬಲಕ್ಕೆ, ಅಂಚೆಯವರ ಗುಂಡು ಅಕ್ಷರದಲ್ಲಿ,
ಒಂದು ಸಿನಿಮಾ:
"ಇದರಲ್ಲಿ ಇಬ್ಬರು ಸಾಯ್ತಾರೆ. ಆದರೂ ನೋಡಿ."

ಪುಟದ ಮೂಲೆ ಮಡಿಚಿಟ್ಟಿದ್ದೇನೆ.
ಇನ್ನೂ ನೋಡಿಲ್ಲ.